ಒಂದೇ ಜಮಖಾನದ ಮೇಲೆ

ಕೋರ್ಟು ನನ್ನ ಮದುವೆಯನ್ನು ಮುಗಿಸಿದ ದಿನ ಕಲಬುರಗಿಗೆ ಫೋನ್ ಮಾಡಿ ಅಮ್ಮನಿಗೆ ಸುದ್ದಿ ಹೇಳಿದೆ. ಅಮ್ಮ, ಅವನು ಬಾಯಿಬಿಟ್ಟು ತಲಾಖ್ ಅಂದನೇ ಎಂದು ಕೇಳಿದಳು. ಅವನು ಅನ್ನಲಿಲ್ಲ, ಜಡ್ಜ್ ಅಂದರು ಎಂದೆ. ನಿನ್ನ ನಿಕಾಹ್ ಓದಿಸಿದ್ದು ಜಡ್ಜ್ ಅಲ್ಲವಲ್ಲ ಎಂದು ಅಮ್ಮ ಅಳತೊಡಗಿದಳು. ನನಗೆ ಮೈಯೆಲ್ಲ ಉರಿದುಹೋಯಿತು. ಆದರೆ ಸಿಟ್ಟಿಗಿಂತ ಹೆಚ್ಚಾಗಿ ಭಯವಾಯಿತು, ಯಾಕೆಂದರೆ ಅದೇ ಪ್ರಶ್ನೆಯನ್ನು ನಾನೂ ಒಳಗೊಳಗೇ ಕೇಳಿಕೊಳ್ಳುತ್ತಿದ್ದೆ.

ಗಂಡನಾಗಿದ್ದವನು ನನ್ನ ಈ ಭಯವನ್ನು ಚೆನ್ನಾಗಿ ಬಲ್ಲ. ಅವನೂ ನಮ್ಮ ಊರ ಕಡೆಯವನೇ. ಕೋರ್ಟು ಬಿಡಿಸಿದ್ದು ಕಾಗದದಲ್ಲಿ ಮಾತ್ರ, ನಾನು ಬಿಟ್ಟಿಲ್ಲ, ಇವತ್ತಿಗೂ ಅವಳು ನನ್ನವಳೇ ಎಂದು ನೆಂಟರ ಬಾಯಲ್ಲಿ ಹೇಳಿಕಳಿಸುತ್ತಿದ್ದ. ನೆಂಟರು ಅದನ್ನು ಸ್ವಲ್ಪವೂ ಕಡಿಮೆ ಮಾಡದೆ ನನಗೆ ತಲುಪಿಸುತ್ತಿದ್ದರು. ಅವನು ನನ್ನ ಹತ್ತಿರ ಸುಳಿಯಬಾರದು, ಸುಳಿದರೆ ಪೊಲೀಸರು ಹಿಡಿಯುತ್ತಾರೆ ಎಂದು ಕೋರ್ಟಿನ ಆದೇಶವಿತ್ತು. ಆ ಆದೇಶ ನನ್ನ ಫೋನಿನಲ್ಲೇ ಇತ್ತು. ಆದರೂ ಹೀಥ್ರೋ ಪಕ್ಕದ ಫೆಲ್ಥಮ್‌ನ ಬಸ್ ಸ್ಟಾಪಿನಲ್ಲಿ ನಿಂತಾಗ ಬೆನ್ನನ್ನು ಗೋಡೆಗೆ ಒತ್ತಿಕೊಂಡೇ ನಿಲ್ಲುತ್ತಿದ್ದೆ. ವಿಮಾನ ನಿಲ್ದಾಣದಲ್ಲಿ ವಯಸ್ಸಾದವರ ವ್ಹೀಲ್‌ಚೇರ್ ತಳ್ಳುವುದು ನನ್ನ ಕೆಲಸ. ಎದುರಿಗೆ ಬರುವ ಸಾವಿರಾರು ಗಂಡಸರಲ್ಲಿ ಅವನ ಭುಜ, ಅವನ ನಡಿಗೆ ಹುಡುಕುವುದು ಒಂದು ಚಟವೇ ಆಗಿಬಿಟ್ಟಿತ್ತು.

ನಾನು ಆಗ ಕುಂದಾಪುರದ ಒಬ್ಬ ಹೆಂಗಸಿನ ಜೊತೆ ಮನೆ ಹಂಚಿಕೊಂಡಿದ್ದೆ. ಆಕೆಗೆ ಹೋಟೆಲಿನಲ್ಲಿ ಕೆಲಸ, ಬಾಯಿ ಜೋರು, ಮನಸ್ಸು ಬೆಣ್ಣೆ. ಮೌಲ್ವಿಗಳ ಹತ್ತಿರ ಹೋಗುತ್ತೇನೆಂದಾಗ ಆಕೆ ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟಳು.

"ಸರ್ಕಾರವೇ ಬಿಡ್ಸಿದ್ ಮೇಲೆ ಇನ್ನೆಂತಕ್ಕೆ ಮಾರಾಯ್ತಿ ಆ ಅಜ್ಜಂದಿರ ಹತ್ರ ಹೋಪುದ್?"

ನೀನು ಮದುವೆಯಾಗಿದ್ದು ಯಾರ ಮುಂದೆ ಎಂದು ಕೇಳಿದೆ. ಅಗ್ನಿಯ ಮುಂದೆ ಎಂದಳು. ಆ ಅಗ್ನಿಯನ್ನು ಇಲ್ಲಿನ ಕೌನ್ಸಿಲ್ ಆಫೀಸಿನವರು ಬಂದು ನೀರು ಹಾಕಿ ಆರಿಸಿದರೆ ನಿನಗೆ ಸಮಾಧಾನವಾಗುತ್ತದೆಯೇ ಎಂದೆ. ಆಕೆ ಯೋಚಿಸಿ, ನನ್ನ ಗಂಡ ಹೊಡೆಯುವವನಾಗಿದ್ದರೆ ನಾನೇ ಒಂದು ಕೊಡ ಸುರಿಯುತ್ತಿದ್ದೆ ಎಂದಳು. ಇಬ್ಬರೂ ನಕ್ಕೆವು. ಆದರೂ ನಾನು ಹೋದೆ.

ಹೀಥ್ರೋದಿಂದ ಎಲಿಜಬೆತ್ ಲೈನ್ ರೈಲು ಹಿಡಿದು, ವೈಟ್‌ಚಾಪೆಲ್‌ನಲ್ಲಿ ಬದಲಿಸಿ ಇಲ್ಫರ್ಡ್. ಸಾಲುಮನೆಗಳ ಬೀದಿಯಲ್ಲಿ ಒಂದು ಮನೆ. ಮುಂದಿನ ಕೋಣೆಯಲ್ಲಿ ಸೋಫಾಗಳನ್ನು ಗೋಡೆಗೆ ಸರಿಸಿ, ನಡುವೆ ಕೆಂಪು ನೀಲಿ ಪಟ್ಟೆಯ ಜಮಖಾನ ಹಾಸಿದ್ದರು. ಅಲ್ಲಿ ಮೂವರು ಕೂತಿದ್ದರು. ನಡುವಿನವರು ಎಂಬತ್ತು ದಾಟಿದ ಹಿರಿಯ ಆಲಿಮ್, ಧರ್ಮಶಾಸ್ತ್ರ ಬಲ್ಲವರು. ಅದು ಅವರ ಮಗನ ಮನೆ, ಮಗ ಕೆಲಸದ ಮೇಲೆ ಬೇರೆ ಊರಿಗೆ ಹೋಗಿದ್ದ. ಎಡಗಡೆ ಇಲ್ಲೇ ಹುಟ್ಟಿ ಇಲ್ಲಿಯ ಮದ್ರಸಾದಲ್ಲಿ ಓದಿದ ಯುವ ಮೌಲಾನಾ. ವಾರದ ದಿನಗಳಲ್ಲಿ ಅವರು ಸಿಟಿಯಲ್ಲಿ ಅಕೌಂಟೆಂಟ್. ಬಲಗಡೆ ಕಿವಿ ಮಂದವಾಗಿದ್ದ ನಿವೃತ್ತ ಮೇಷ್ಟ್ರು. ನನ್ನ ಊರು ಕಲಬುರಗಿ ಎಂದು ಕೇಳಿದ್ದೇ ತಡ, ಹಿರಿಯರು ಉರ್ದು ಬಿಟ್ಟು ಕನ್ನಡಕ್ಕೆ ಇಳಿದರು. ಅವರೂ ಕಲಬುರಗಿಯವರು. ಉಳಿದಿಬ್ಬರಿಗೆ ಒಂದಕ್ಷರ ಅರ್ಥವಾಗದೆ ಮುಖ ಮುಖ ನೋಡಿಕೊಂಡರು.

ನಾನು ಅವರನ್ನು ಹಜರತ್ ಎಂದು ಕರೆದೆ. ನಮ್ಮ ಕಡೆ ಎಲ್ಲರೂ ಕರೆಯುವುದು ಹಾಗೆಯೇ. ಆ ದಿನ ಅವರು ನನ್ನ ಕತೆ ಕೇಳುವುದಕ್ಕಿಂತ ಮೊದಲು ತಮ್ಮ ತಂದೆಯ ಕತೆ ಹೇಳಿದರು. ತಂದೆ ನಿಜಾಮ ಸರ್ಕಾರ ನೇಮಿಸಿದ ಖಾಜಿ. ಸರ್ಕಾರದ ಮೊಹರು, ಬಾಗಿಲಿಗೊಬ್ಬ ಜವಾನ, ಹೇಳಿದ ಮಾತು ನಡೆಯುತ್ತಿತ್ತು. ಆಮೇಲೆ ನಿಜಾಮರ ಆಳ್ವಿಕೆ ಹೋಯಿತು. ಹೊಸ ಸರ್ಕಾರಕ್ಕೆ ಎಲ್ಲ ಧರ್ಮವೂ ಒಂದೇ, ಅದಕ್ಕೆ ಖಾಜಿಯ ನ್ಯಾಯ ಬೇಕಿರಲಿಲ್ಲ. ತಂದೆ ನಿಕಾಹ್ ಓದಿಸುವವರಾಗಿ ಉಳಿದರು. ಗಂಡನ ಕಾಟ ತಾಳಲಾರದ ಹೆಂಗಸರು ಮೊದಲಿನ ಹಾಗೆಯೇ ಬಾಗಿಲಿಗೆ ಬರುತ್ತಿದ್ದರಂತೆ. ಬಿಡಿಸುವ ಅಧಿಕಾರ ನನಗಿದೆಯೋ ಇಲ್ಲವೋ ಎಂದು ತಂದೆ ಊಟ ಬಿಟ್ಟು ಕಿತಾಬು ತಿರುವುತ್ತಿದ್ದರಂತೆ. ಊರಿನ ಸಾಲೆ ಉರ್ದುವಿನಿಂದ ಕನ್ನಡಕ್ಕೆ ಬದಲಾದಾಗ ಮಗನನ್ನು ಅಲ್ಲಿಗೇ ಹಾಕಿದವರು ಅವರೇ. ಹೊಸ ದೊರೆಯ ಮಾತು ತಿಳಿಯದಿದ್ದರೆ ಹೆದರಿಕೆ ಇನ್ನೂ ಹೆಚ್ಚಾಗುತ್ತದೆ ಎಂದಿದ್ದರಂತೆ.

ದೊರೆ ನಮ್ಮವನಲ್ಲದ ಕಡೆ ಖಾಜಿ ಎಲ್ಲಿಂದ ಬರಬೇಕು ಎಂಬ ಪ್ರಶ್ನೆಗೆ ಹಿಂದಿನ ಆಲಿಮರು ಒಂದು ದಾರಿ ಕಂಡುಕೊಂಡಿದ್ದರು. ನಂಬಿಕಸ್ಥರಾದ ಮೂವರು ಕೂಡಿ ಕೂತು, ವಿಚಾರಿಸಿ, ಮೂವರೂ ಒಂದೇ ಮಾತು ಹೇಳಿದರೆ ಅದೇ ಖಾಜಿಯ ಮಾತು. ಒಬ್ಬರು ಬೇಡವೆಂದರೂ ಇಲ್ಲ. ಇಲ್ಫರ್ಡಿನ ಈ ಜಮಖಾನ ಹಾಸಿದ್ದು ಆ ದಾರಿಯ ಮೇಲೆ. ಯುವ ಮೌಲಾನಾ ಮಾತ್ರ ನಡುನಡುವೆ, ನಾವು ಕೋರ್ಟಲ್ಲ, ದಯವಿಟ್ಟು ಹೊರಗೆ ಎಲ್ಲೂ ಕೋರ್ಟ್ ಅನ್ನಬೇಡಿ ಎನ್ನುತ್ತಿದ್ದರು. ಪತ್ರಿಕೆಯವರ ಭಯ, ಕೌನ್ಸಿಲ್‌ನ ಭಯ, ಪಕ್ಕದ ಮನೆಯವರ ಭಯ ಅವರಿಗೆ. ಹಜರತ್‌ರ ಭಯವೇ ಬೇರೆ.

"ನಂಗ ಭಾಳ ಅಂಜಿಕಿ ಅದವಾ. ನಾ ತಪ್ಪಿ ಬಿಡಿಸಿ, ನಾಳಿ ನೀ ಇನ್ನೊಬ್ಬನ್ನ ಮಾಡ್ಕೊಂಡ್ರ ಆ ಪಾಪ ನಿಂದಲ್ಲ, ನನ್ ತಲಿ ಮ್ಯಾಲ ಬರ್ತದ."

ಇನ್ನೊಬ್ಬನ ಯೋಚನೆ ನನಗೆ ಕನಸಿನಲ್ಲೂ ಇರಲಿಲ್ಲ. ಒಬ್ಬನಿಂದಲೇ ಸಾಕಾಗಿತ್ತು. ನನಗೆ ಬೇಕಾಗಿದ್ದು ಇಷ್ಟೇ: ಅವನು ನನ್ನ ಗಂಡನಲ್ಲ ಎಂದು ದೇವರ ಕಡೆಯಿಂದ ಒಬ್ಬರು ಹೇಳಬೇಕು. ಆಮೇಲೆ ಅಮ್ಮ ನಿದ್ದೆ ಮಾಡುತ್ತಾಳೆ, ನಾನೂ ಮಾಡುತ್ತೇನೆ, ಅವನ ಬಾಯಿಯೂ ಮುಚ್ಚುತ್ತದೆ.

ಹೊಡೆತದ ಕತೆಯನ್ನು ಹೇಳಿದೆ. ಕೋರ್ಟಿನ ಆದೇಶದ ಬಗ್ಗೆಯೂ ಹೇಳಿ ಫೋನು ತೆರೆದು ತೋರಿಸಿದೆ. ಹಜರತ್ ಅದನ್ನು ನೋಡಿ, ಸರ್ಕಾರದ್ದು ಸರ್ಕಾರಕ್ಕೆ ಎಂದು ವಾಪಸು ಕೊಟ್ಟರು. ಅವನ ಮಾತನ್ನೂ ಕೇಳದೆ ತೀರ್ಪು ಹೇಳುವಂತಿಲ್ಲ, ಎದುರಿಗೆ ಇಲ್ಲದವನ ಮೇಲೆ ಖಾಜಿ ತೀರ್ಪು ಕೊಡುವುದಿಲ್ಲ ಎಂದರು. ತಂದೆಯ ಪದ್ಧತಿಯನ್ನೂ ವಿವರಿಸಿದರು. ವಾದಿ ಪ್ರತಿವಾದಿಗಳನ್ನು ಒಂದೇ ಜಮಖಾನದ ಮೇಲೆ, ಖಾಜಿಯಿಂದ ಒಂದೇ ದೂರದಲ್ಲಿ ಕೂಡಿಸಬೇಕು. ಒಬ್ಬರಿಗೆ ನೀರು ಕೊಟ್ಟರೆ ಇನ್ನೊಬ್ಬರಿಗೂ ಕೊಡಬೇಕು. ಒಬ್ಬರ ಮುಖವನ್ನು ಹೆಚ್ಚು ಹೊತ್ತು ನೋಡುವಂತಿಲ್ಲ. ನನ್ನ ಮುಖ ಬಿಳಚಿದ್ದನ್ನು ಕಂಡು ಯುವ ಮೌಲಾನಾ ಬಾಗಿಲ ತನಕ ಬಂದರು. ಗಾಬರಿಯಾಗಬೇಡಿ, ಅವರನ್ನು ಬೇರೆ ದಿನ ಬೇರೆಯಾಗಿ ಕರೆಸುತ್ತೇವೆ ಎಂದು ಮಾತು ಕೊಟ್ಟರು.

ಮುಂದಿನ ಸಲ ಹೋದದ್ದು ಒಂದು ಶನಿವಾರ ಬೆಳಿಗ್ಗೆ. ಕುಂದಾಪುರದವಳಿಗೆ ಶಿಫ್ಟ್ ಇತ್ತು, ಒಬ್ಬಳೇ ಹೋದೆ. ಬೆಲ್ ಒತ್ತಿದೆ. ಯುವ ಮೌಲಾನಾ ಬಾಗಿಲು ತೆಗೆದರು. ಅವರ ಕಾಲ ಬಳಿ, ಚಪ್ಪಲಿಗಳ ನಡುವೆ, ಒಂದು ಜೊತೆ ಕಂದು ಬೂಟು ಇತ್ತು. ಎಡಗಾಲಿನ ಹಿಮ್ಮಡಿ ಹೊರಗಡೆಗೆ ಸವೆದಿತ್ತು. ವರ್ಷಗಟ್ಟಲೆ ಆ ಬೂಟಿಗೆ ಪಾಲಿಶ್ ಹಾಕಿದವಳು ನಾನು. ಗುರುತಿಸಲು ಕ್ಷಣವೂ ಬೇಕಾಗಲಿಲ್ಲ.

ಒಳಗಿನಿಂದ ಅವನ ಮಾತು ಕೇಳುತ್ತಿತ್ತು. ಹಜರತ್‌ರ ಜೊತೆ ಕಲಬುರಗಿಯ ಬಿಸಿಲಿನ ಬಗ್ಗೆ, ಯಾವುದೋ ಹಳೆಯ ಗಲ್ಲಿಯ ಬಗ್ಗೆ ಮಾತಾಡುತ್ತಿದ್ದ. ಬಹಳ ವಿನಯದ ಧ್ವನಿ. ಆ ಧ್ವನಿ ಕೇಳಿದವರು ಯಾರೂ ನನ್ನ ಕತೆಯನ್ನು ನಂಬುವುದಿಲ್ಲ. ಆ ಧ್ವನಿಯ ಬೆನ್ನಿಗೇ ಏನು ಬರುತ್ತದೆಂದು ಗೊತ್ತಿದ್ದವಳು ನಾನೊಬ್ಬಳೇ. ಓಡಬೇಕೆಂದುಕೊಂಡೆ, ಓಡಲಿಲ್ಲ.

ಯುವ ಮೌಲಾನಾರ ಮುಖದಲ್ಲೂ ರಕ್ತವಿರಲಿಲ್ಲ. ನನಗೆ ಗೊತ್ತಿರಲಿಲ್ಲ, ಹಜರತ್ ತಾವಾಗಿಯೇ ನಿನ್ನೆ ಫೋನ್ ಮಾಡಿ ಕರೆದಿದ್ದಾರೆ, ಈಗಷ್ಟೇ ನಾನೂ ನೋಡಿದ್ದು ಎಂದು ಪಿಸುಗುಟ್ಟಿದರು. ಅಷ್ಟರಲ್ಲಿ ಹಜರತ್ ಕೋಲೂರಿಕೊಂಡು ಬಾಗಿಲಿಗೆ ಬಂದರು. ಅವರ ಮುಖದ ತುಂಬ ನಗು. ಬರಲೊಲ್ಲದ ಗಂಡನನ್ನು ಮಾತಿನಿಂದಲೇ ಬರಮಾಡಿಕೊಂಡ ಖುಷಿ ಅದು.

"ಬಾ ಮಗಳ, ಅಂವ ಬಂದಾನ. ಇಬ್ಬರಿಗೂ ಒಂದೇ ಕಡಿ ಹಾಸೀನಿ."

ಅವರ ಹಿಂದೆ ಕೋಣೆಯ ಬಾಗಿಲಲ್ಲಿ ಅವನು ಕಾಣಿಸಿಕೊಂಡ. ಹೊಸ ಅಂಗಿ, ಬಾಚಿದ ತಲೆ. ನನಗೆ ಸಲಾಂ ಹೇಳಿದ. ಹೊರಗೆ ಥಂಡಿ, ಒಳಗೆ ಬಾ ಎಂದ. ಎಂದು ಒಂದು ಹೆಜ್ಜೆ ಮುಂದಿಟ್ಟ. ಅಷ್ಟೇ ಅವನು ಮಾಡಿದ್ದು. ನಾನು ಹಿಂದಕ್ಕೆ ಸರಿಯಲು ಹೋಗಿ ಮೆಟ್ಟಿಲು ತಪ್ಪಿ ಕಸದ ಡಬ್ಬಿಗಳ ಮೇಲೆ ಬಿದ್ದೆ. ಡಬ್ಬಿಯನ್ನು ತಬ್ಬಿಕೊಂಡು ಎದ್ದು, ಅದನ್ನೇ ನನ್ನ ಮತ್ತು ಬಾಗಿಲಿನ ನಡುವೆ ಎಳೆದುಕೊಂಡೆ. ಮೂವತ್ತೆಂಟು ವರ್ಷದ ಹೆಂಗಸು ಹಗಲು ಹೊತ್ತಿನಲ್ಲಿ ಕಸದ ಡಬ್ಬಿಯ ಹಿಂದೆ ಅವಿತುಕೊಂಡಿದ್ದೆ. ನಾಚಿಕೆಯಾಗಲು ಕೂಡ ಆಗ ಪುರಸೊತ್ತಿರಲಿಲ್ಲ.

ಹಜರತ್‌ರ ನಗು ಹೋಯಿತು. ನನ್ನನ್ನು ಬಹಳ ಹೊತ್ತು ನೋಡಿದರು. ಒಬ್ಬರ ಮುಖವನ್ನೇ ಹೆಚ್ಚು ನೋಡಬಾರದೆಂಬ ನಿಯಮ ಅವರಿಗೆ ಮರೆತುಹೋಗಿರಬೇಕು. ಆಮೇಲೆ ಅವನ ಕಡೆ ತಿರುಗಿದರು. ಸರ್ಕಾರದ ಆ ಹುಕುಂ ಇವನ ಮೇಲೆಯೇ ಏನು ಎಂದು ನನ್ನನ್ನು ಕೇಳಿದರು. ನಾನು ಹೌದೆಂದು ತಲೆ ಅಲ್ಲಾಡಿಸಿದೆ. ಅವರು ಕೋಣೆಯ ಬಾಗಿಲಿಗೆ ಅಡ್ಡ ನಿಂತು, ಕೈಕೋಲನ್ನು ಚೌಕಟ್ಟಿನ ಈ ಕಡೆಯಿಂದ ಆ ಕಡೆಗೆ ಹಿಡಿದರು. ಪೊಲೀಸರಿಗೆ ಫೋನ್ ಮಾಡು ಎಂದು ಯುವ ಮೌಲಾನಾರಿಗೆ ಉರ್ದುವಿನಲ್ಲಿ ಹೇಳಿದರು.

ಮೌಲಾನಾ ಮಾಡಲಿಲ್ಲ. ಪೊಲೀಸರು ಈ ಮನೆಗೆ ಬಂದರೆ ಎಲ್ಲ ಮುಗಿಯಿತು ಹಜರತ್ ಎಂದರು. ಬೀದಿಯವರು ನೋಡುತ್ತಾರೆ, ಪತ್ರಿಕೆಯವರು ಬರುತ್ತಾರೆ, ಮೌಲ್ವಿಗಳು ಹೆಂಗಸನ್ನು ಹೊಡೆಯುವವನ ಕೈಗೆ ಕೊಟ್ಟರು ಎಂದು ಬರೆಯುತ್ತಾರೆ, ನಾಳೆ ಕಷ್ಟದಲ್ಲಿರುವ ಹೆಂಗಸರು ಯಾರ ಹತ್ತಿರ ಹೋಗಬೇಕು ಎಂದರು. ಅವರು ಹೇಳಿದ್ದರಲ್ಲಿ ಒಂದೂ ಸುಳ್ಳಲ್ಲ. ಬರೆದರೆ ಬರೆಯಲಿ, ನಾವು ಮಾಡಿದ್ದನ್ನೇ ತಾನೇ ಬರೆಯುವುದು ಎಂದರು ಹಜರತ್. ಮೌಲಾನಾ ಕಣ್ಣೊರೆಸಿಕೊಂಡು ಫೋನ್ ಕಿವಿಗಿಟ್ಟರು.

ಇಂಗ್ಲಿಷಿನಲ್ಲಿ ವಿಳಾಸ ಹೇಳುವುದು ಕೇಳಿಸುತ್ತಿದ್ದಂತೆ ಅವನ ವಿನಯ ಕಳಚಿಬಿತ್ತು.

"ಖಾಜಿ ಆಗಿ ಕರದು ಪೊಲೀಸ ಆಗಿ ಹಿಡಿಸ್ತೀರೇನು?"

ಆ ಮಾತು ಹಜರತ್‌ರಿಗೆ ನಾಟಿತು. ಕರೆದವನನ್ನು ಹಿಡಿಸಿಕೊಡುವುದು ಅವರ ತಂದೆಯ ಜಮಖಾನದ ಮೇಲೆ ಎಂದೂ ನಡೆದಿರಲಿಕ್ಕಿಲ್ಲ. ತಪ್ಪು ತನ್ನದೇ ಎಂದು ಅವರು ಅವನಿಗೆ ಒಪ್ಪಿಕೊಂಡರು. ಆದರೆ ನೀನೂ ಬಂದಿದ್ದೀಯ, ಅವಳೂ ಬಂದಿದ್ದಾಳೆ, ಮೇಷ್ಟ್ರೂ ಸೇರಿ ನಾವು ಮೂವರೂ ಇಲ್ಲೇ ಇದ್ದೇವೆ, ಆದ್ದರಿಂದ ಕೇಳಬೇಕಾದ್ದನ್ನು ನಾನು ಕೇಳುತ್ತೇನೆ ಎಂದರು.

ಅವನು ಅವರನ್ನು ತಳ್ಳಿ ಹೊರಗೆ ಬಂದುಬಿಡಬಹುದಿತ್ತು. ಬರುತ್ತಾನೆ, ಈಗ ಬರುತ್ತಾನೆ ಎಂದು ನಾನು ಡಬ್ಬಿಯ ಹಿಡಿಯನ್ನು ಬಿಗಿಯಾಗಿ ಹಿಡಿದಿದ್ದೆ. ಅವನು ಬರಲಿಲ್ಲ. ನನ್ನನ್ನು ಗೋಡೆಗೆ ಒತ್ತಿದ ಕೈಗೆ ಆ ಮುದುಕರನ್ನು ಪಕ್ಕಕ್ಕೆ ಸರಿಸುವ ಧೈರ್ಯವಾಗಲಿಲ್ಲ. ಅದನ್ನು ನೆನೆದರೆ ಈಗಲೂ ನನಗೆ ಮೈ ಉರಿಯುತ್ತದೆ. ನನ್ನ ಮೈಗೆ ಇಲ್ಲದ ಮರ್ಯಾದೆ ಅವರ ಗಡ್ಡಕ್ಕಿತ್ತು.

ನಾನು ಅಂಗಳದಲ್ಲಿ, ಅವನು ಕೋಣೆಯಲ್ಲಿ, ನಡುವೆ ಅವರು. ಅವಳ ಹತ್ತಿರ ಕಣ್ಣಾರೆ ಕಂಡ ಸಾಕ್ಷಿಯಿಲ್ಲ, ಸಾಕ್ಷಿಯಿಲ್ಲದ ಕಡೆ ಪ್ರಮಾಣ ಮಾಡಬೇಕಾದವನು ನೀನು ಎಂದು ಹಜರತ್ ನನಗೂ ಕೇಳಿಸುವಂತೆ ಕನ್ನಡದಲ್ಲೇ ಹೇಳಿದರು. ಪ್ರಮಾಣಕ್ಕೆ ಹಿಂಜರಿದರೆ ಒಪ್ಪಿಕೊಂಡಂತೆ.

"ಈಕಿ ಮ್ಯಾಲ ಕೈ ಎತ್ತಿಲ್ಲ ಅಂತ ಅಲ್ಲಾಹನ ಆಣಿ ಮಾಡಿ ಹೇಳು."

ಕೋರ್ಟಿನಲ್ಲಿ ಇದೇ ಪ್ರಶ್ನೆಗೆ ಅವನು ಕಣ್ಣು ಮಿಟುಕಿಸದೆ ಇಲ್ಲ ಎಂದಿದ್ದ. ಜಡ್ಜ್ ಮುಂದೆ ಅವನ ನಾಲಗೆ ಒಮ್ಮೆಯೂ ತೊದಲಿರಲಿಲ್ಲ. ಇಲ್ಲಿಯೂ ಸರಾಗವಾಗಿ ಹೇಳಿಬಿಡುತ್ತಾನೆ, ಆಮೇಲೆ ನಾನು ದೇವರ ಮುಂದೆ ಜೀವಮಾನವಿಡೀ ಇವನ ಹೆಂಡತಿಯಾಗಿ ಉಳಿಯುತ್ತೇನೆ ಎಂದುಕೊಂಡೆ. ಆ ಕ್ಷಣದಲ್ಲಿ ಅವನ ಕೈಗಿಂತ ಅವನ ಬಾಯಿಗೆ ಹೆಚ್ಚು ಹೆದರಿದ್ದೆ.

ಅವನು ಆಣೆ ಮಾಡಲಿಲ್ಲ. ಹಜರತ್ ಮತ್ತೆ ಕೇಳಿದರು. ಅವನು ನೆಲ ನೋಡಿದ. ದೂರದಲ್ಲಿ ಸೈರನ್ ಕೇಳಿಸಿತು, ನಮ್ಮ ಕಡೆಗೇ ಬರುತ್ತಿತ್ತು. ಹಜರತ್‌ರ ಧ್ವನಿ ಸೋತಿತ್ತು, ಆದರೂ ಮೂರನೆಯ ಸಲ ಕೇಳಿದರು. ಅವರ ತಂದೆಯ ಮಾತಿನ ಬೆನ್ನಿಗೆ ಒಂದು ಕಾಲದಲ್ಲಿ ಮೊಹರು ಇತ್ತು, ಜವಾನನಿದ್ದ. ಇವರ ಬೆನ್ನಿಗೆ ಇಷ್ಟು ವರ್ಷ ಯಾರೂ ಇರಲಿಲ್ಲ. ಈಗ ಯಾರದೋ ಸರ್ಕಾರದ ಸೈರನ್ ಬೀದಿಯ ತಿರುವಿಗೆ ಬಂದಿತ್ತು. ಅದು ಯಾರ ಪರ ಬರುತ್ತಿದೆ ಎಂದು ಅವರಿಗೂ ಖಚಿತವಿರಲಿಲ್ಲ, ನನಗೂ ಇರಲಿಲ್ಲ.

ಹೊಡೆದಿದ್ದರೂ ಅದು ಗಂಡ ಹೆಂಡಿರ ನಡುವಿನ ಮಾತು, ಅದಕ್ಕೆ ದೇವರನ್ನು ಯಾಕೆ ಎಳೆಯುತ್ತೀರಿ ಎಂದ ಅವನು.

ಹಜರತ್ ಕಣ್ಣು ಮುಚ್ಚಿ ತೆರೆದರು. ಒಳಗಿದ್ದ ಮೇಷ್ಟ್ರಿಗೆ ಉರ್ದುವಿನಲ್ಲಿ ಗಟ್ಟಿಯಾಗಿ ಎಲ್ಲ ಹೇಳಿ ಅಭಿಪ್ರಾಯ ಕೇಳಿದರು. ಬಿಡಿಸಿ ಎಂದರು ಮೇಷ್ಟ್ರು. ಯುವ ಮೌಲಾನಾರ ಕಡೆ ತಿರುಗಿದರು. ಅವರು ಫೋನ್ ಕಿವಿಯಲ್ಲಿಟ್ಟುಕೊಂಡೇ ನನ್ನನ್ನು ನೋಡಿದರು, ಬೀದಿಯನ್ನು ನೋಡಿದರು. ಅವರು ಬೇಡವೆಂದರೆ ಎಲ್ಲ ಮುಗಿಯುತ್ತಿತ್ತು. ನನ್ನ ಪ್ರಾಣ ಅವರ ಕತ್ತಿನಲ್ಲಿ ಸಿಕ್ಕಿಕೊಂಡಂತಿತ್ತು. ಅವರು ಕತ್ತು ಆಡಿಸಿದರು, ಸರಿ ಎಂದು.

ಆಗ ಹಜರತ್ ನನ್ನ ಕಡೆ ತಿರುಗಿ ಮೊದಲು ಅರಬಿಯಲ್ಲಿ ಏನನ್ನೋ ಮೆಲ್ಲಗೆ ಓದಿ, ಆಮೇಲೆ ಕನ್ನಡದಲ್ಲಿ ಹೇಳಿದರು.

"ಇವತ್ತಿನಿಂದ ಇಂವ ನಿನ್ನ ಗಂಡ ಅಲ್ಲ, ನೀ ಇಂವನ ಹೇಣ್ತಿ ಅಲ್ಲ. ಮೂರೂ ಮಂದಿ ಹೇಳೀವಿ."

ಪೊಲೀಸರ ಕಾರು ಗೇಟಿನ ಮುಂದೆ ನಿಂತಿತ್ತು. ಇಬ್ಬರು ಇಳಿದರು. ಗಂಡಸು ನೇರ ಒಳಗೆ ಹೋದ. ಜೊತೆಯಲ್ಲಿದ್ದ ಹುಡುಗಿ ನನ್ನ ಹತ್ತಿರ ಬಂದು, ಪೆಟ್ಟಾಗಿದೆಯೇ ಎಂದು ಕೇಳಿ, ಈಗ ಆ ಹಿರಿಯರು ನಿಮಗೆ ಏನೋ ಹೇಳಿದರಲ್ಲ, ಏನದು, ಬೆದರಿಸಿದರೇ ಎಂದಳು. ನಾನು ಇಲ್ಲ ಎಂದೆ. ಅವರ ಮಾತನ್ನು ನಾನೇ ಇಂಗ್ಲಿಷಿನಲ್ಲಿ ಹೇಳಬೇಕಾಯಿತು. ಅವನು ನನ್ನ ಗಂಡನಲ್ಲ ಎಂದೆ. ಕೋರ್ಟು ಅಷ್ಟು ದಿನದಿಂದ ಹೇಳುತ್ತಿದ್ದ ಅದೇ ವಾಕ್ಯ. ನನ್ನ ಬಾಯಿಂದ ಮೊದಲ ಸಲ ಹೊರಬಂತು, ಹೊರಬಂದ ಮೇಲೆ ಅಳು ತಡೆಯಲಾಗಲಿಲ್ಲ.

ಅವನಿಗೆ ಕೈಕೋಳ ಹಾಕಿ ಹೊರಗೆ ತಂದರು. ನನ್ನ ಕಡೆ ನೋಡದೆ ಹಾದುಹೋದ. ಅವನು ಕಾರಿನೊಳಗೆ ಕೂತು ಬಾಗಿಲು ಮುಚ್ಚುವವರೆಗೆ ನಾನು ಡಬ್ಬಿಯನ್ನು ಬಿಡಲಿಲ್ಲ. ಪೊಲೀಸ್ ಹುಡುಗಿ ಮುಂದಿನ ಪ್ರಶ್ನೆ ಕೇಳಿದಳು. ನೀವು ಇಲ್ಲಿಗೆ ಬರುವುದು ಅವನಿಗೆ ಹೇಗೆ ತಿಳಿಯಿತು, ಯಾರು ಕರೆದದ್ದು? ಯುವ ಮೌಲಾನಾ ಮುಂದೆ ಬಂದು, ಒಂದು ಗೊಂದಲವಾಯಿತು, ಹಿರಿಯರಿಗೆ ಇಂಗ್ಲಿಷ್ ಸರಿಯಾಗಿ ಬರುವುದಿಲ್ಲ ಎಂದು ಶುರುಮಾಡಿದರು. ಹಜರತ್‌ರಿಗೆ ಅಷ್ಟು ಇಂಗ್ಲಿಷ್ ತಿಳಿಯುತ್ತಿತ್ತು. ಕೈಯೆತ್ತಿ ಅವರನ್ನು ನಿಲ್ಲಿಸಿದರು.

"ನಾ ಕರದೆ ಅಂತ ಹೇಳವಾ. ಹುಕುಂ ಇದ್ದದ್ದು ಗೊತ್ತಿತ್ತು ಅಂತನೂ ಹೇಳು."

ಹಾಗೆ ಹೇಳಿದರೆ ಕಾನೂನು ಅವರನ್ನು ಏನು ಮಾಡುತ್ತದೆಂದು ನನಗೆ ಗೊತ್ತಿರಲಿಲ್ಲ. ಅಲ್ಲಿ ಕನ್ನಡ ಬರುತ್ತಿದ್ದದ್ದು ನಮ್ಮಿಬ್ಬರಿಗೆ, ಮತ್ತು ಕಾರಿನೊಳಗೆ ಕೂತಿದ್ದವನಿಗೆ ಮಾತ್ರ. ನಾನು ಎರಡನೆಯ ಮಾತನ್ನು ನುಂಗಿಬಿಟ್ಟಿದ್ದರೆ ಆ ಹುಡುಗಿಗೆ ತಿಳಿಯುತ್ತಿರಲಿಲ್ಲ. ಹಜರತ್ ನನ್ನನ್ನೇ ನೋಡುತ್ತಿದ್ದರು. ಎರಡನ್ನೂ ಹೇಳಿದೆ. ಹುಡುಗಿ ತಲೆಯೆತ್ತಿ ಅವರನ್ನು ನೋಡಿ, ಏನನ್ನೋ ಬರೆದುಕೊಂಡಳು.

ಹಜರತ್ ಒಳಗೆ ಹೋದರು. ಆಕೆ ನನ್ನ ಹೇಳಿಕೆ ತೆಗೆದುಕೊಳ್ಳುವುದು ಸೋಮವಾರ ಎಂದು ವಿವರಿಸುತ್ತಿದ್ದಳು, ಒಬ್ಬಳೇ ಮನೆಗೆ ಹೋಗಬಲ್ಲಿರಾ ಎಂದು ಕೇಳುತ್ತಿದ್ದಳು. ಅಷ್ಟರಲ್ಲಿ ಅವರು ಮತ್ತೆ ಬಾಗಿಲಿಗೆ ಬಂದರು. ಶೇರ್ವಾನಿ ತೊಟ್ಟು ಕತ್ತಿನವರೆಗೂ ಗುಂಡಿ ಹಾಕಿದ್ದರು. ತಲೆಗೆ ಕಪ್ಪು ಟೋಪಿ. ಒಂದು ಕೈಯಲ್ಲಿ ಬಿಪಿ ಮಾತ್ರೆಯ ಡಬ್ಬಿ, ಭುಜದ ಮೇಲೆ ಮಡಿಸಿದ ಟವೆಲ್. ಮೆಟ್ಟಿಲಿಳಿದು ಬಂದು ಪೊಲೀಸ್ ಕಾರಿನ ಪಕ್ಕದಲ್ಲಿ ತಲೆ ತಗ್ಗಿಸಿ ನಿಂತರು.

ಹುಡುಗಿಗೆ ಅರ್ಥವಾಗಲಿಲ್ಲ. ನನ್ನ ಕಡೆ ತಿರುಗಿ, ಇವರು ಎಲ್ಲಿಗೆ ಹೊರಟಿದ್ದಾರೆ ಎಂದು ಕೇಳಿದಳು.

ನಿಮ್ಮ ಜೊತೆ, ಎಂದೆ.